ಕಾಯಭಾರವೂ ಮಿತಾಹಾರವೂ



ಸ್ಥೌಲ್ಯವು, ಅಂದರೆ ಮೈ ಮಿತಿಮೀರಿ ಬೆಳೆಯುವುದು, ಇಂದು ನಿನ್ನೆಯ ವ್ಯಾಧಿಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಇದರ ಕಾರಣವೂ ಚಿಕಿತ್ಸೆಯೂ ವಿಶದವಾಗಿ ನಿರೂಪಿತವಾಗಿವೆ. ಅತಿಭೋಜನ, ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ ಇವುಗಳೊಡನೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಗಳಿಂದ ಬಂದ ಪ್ರಕೃತಿಯನ್ನೂ, ಆಚಾರ್ಯರು ಕಾರಣವಾಗಿ ಎಣಿಸಿದರು. ಮೇದಸ್ಸಿನಿಂದ ಮಾರ್ಗಗಳು ಮುಚ್ಚಲು, ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಕೆರಳಿಸುವುದರಿಂದ ಸ್ಥೂಲನಿಗೆ ಹಸಿವೇ ಅಧಿಕವೆಂದರು. ಇದನ್ನು ಬಲ್ಲವನು ಅಂಥವರನ್ನು ಹೊಟ್ಟೆಬಾಕರೆಂದು ಹಳಿಯಲಾರನು.

ಲೋಕದ ರೂಢಿಯಾದರೋ ಬೇರೆ. ಗೃಹಸ್ಥನು ನೆರೆಯವರ ನಗೆಗೆ ನಾಚಿ, ತಿಂಗಳೊಪ್ಪತ್ತಿನಲ್ಲಿ ಮೈ ಕರಗಲೆಂದು ಅನ್ನ ಬಿಡುವನು. ಎಂಟು ದಿನ ಹಟ. ಒಂಬತ್ತನೆಯ ದಿನ ಮದುವೆಯ ಊಟ. ಬಳಿಕ ಪಶ್ಚಾತ್ತಾಪ, ಮರಳಿ ಉಪವಾಸ. ಕಳೆದ ತೂಕವು ಹಿಂದಿರುಗುವುದು. ಕಳೆದ ಧೈರ್ಯವು ಹಿಂದಿರುಗದು.

ಇದರ ಮರ್ಮವನ್ನರಿಯಲು ದೂರದೇಶದ ಒಂದು ಪರೀಕ್ಷೆಯು ಸಹಾಯಕವಾಗಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು, ಯುದ್ಧದಿಂದ ಹಸಿದ ಜನರಿಗೆ ಆಹಾರವೀಯುವ ಕ್ರಮವನ್ನು ತಿಳಿಯಲೋಸುಗ, ತಾವಾಗಿ ಒಪ್ಪಿ ಬಂದ 36 ಮಂದಿ ಆರೋಗ್ಯವಂತ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಅವರ ದೇಹದೊಡನೆ ಮನಸ್ಸೂ ಕುಗ್ಗಿತು. ಹಗಲಿರುಳು ಅನ್ನದ ಧ್ಯಾನವೇ ಆಯಿತು. ಪರೀಕ್ಷೆ ಮುಗಿದು ಊಟ ದೊರೆತ ಮೇಲೂ ಹಲವರಿಗೆ ಎಷ್ಟುಂಡರೂ ತೃಪ್ತಿಯಾಗಲಿಲ್ಲ. ಬಲಾತ್ಕಾರದಿಂದ ಅನ್ನವನ್ನು ತೊರೆದವನು ಅನ್ನಕ್ಕೇ ಸೆರೆಯಾಗುವನು.

ಚರಕರ ಮಾರ್ಗವು ಸರಳವಾದುದು. ಜವೆ, ಸಾಮೆ, ಹಾರಕ, ಹೆಸರು, ಹುರುಳಿಗಳಂಥ ಧಾನ್ಯಗಳು ಆಹಾರವಾಗಲಿ; ವ್ಯಾಯಾಮವೂ ಚಿಂತನೆಯೂ ಕ್ರಮಕ್ರಮವಾಗಿ ಹೆಚ್ಚಲಿ ಎಂಬುದು ಅದರ ಸಾರ. ಆ ಗ್ರಂಥವು ಜಾಗರಣೆಯನ್ನೂ ವಿಧಿಸಿದೆ. ಆದರೆ ನಿದ್ರೆಗೆಟ್ಟವನಿಗೆ ಹಸಿವು ಹೆಚ್ಚುವುದೆಂದು ಇಂದಿನ ವೈದ್ಯರು ಕಂಡುಕೊಂಡಿರುವುದರಿಂದ ಇರುಳಿನ ನಿದ್ರೆಯನ್ನು ಕಾಪಾಡಿಕೊಳ್ಳುವುದೇ ಲೇಸು. ಮಧುಮೇಹಾದಿಗಳಿಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಊಟ ಬಿಡತಕ್ಕದ್ದಲ್ಲ.

ಶರಣಮಾರ್ಗದಲ್ಲಿ ನಡೆಯುವವನಿಗೆ ಇದಕ್ಕಾಗಿ ಬೇರೊಂದು ವ್ರತ ಬೇಕಿಲ್ಲ. ಕಾಯಕವು ಮೈಗೆ ದುಡಿಮೆಯನ್ನೂ, ಪ್ರಸಾದವು ಊಟದಲ್ಲಿ ಎಚ್ಚರವನ್ನೂ ಕಲಿಸುವುವು. ಪ್ರಸಾದವನ್ನು ಚೆಲ್ಲಲಾಗದೆಂಬ ನಿಯಮವುಂಟಷ್ಟೆ. ಆ ನೆಪದಿಂದ ಹೊಟ್ಟೆ ಬಿರಿಯುವಂತೆ ಉಣ್ಣುವುದು ನಿಯಮವನ್ನು ತಪ್ಪಾಗಿ ತಿಳಿದುದರ ಫಲ. ಚೆಲ್ಲದಿರಬೇಕಾದವನು ಮೊದಲೇ ಮಿತವಾಗಿ ನೀಡಿಸಿಕೊಳ್ಳಬೇಕು. ನೀಡುವವರೂ ಒತ್ತಾಯವನ್ನೇ ಆದರವೆಂದು ಭಾವಿಸಬಾರದು. ಪಂಕ್ತಿಯಲ್ಲಿ ಕುಳಿತವನು ಸಾಕೆಂದು ಕೈಯಡ್ಡ ಹಿಡಿದಾಗ ಸೌಟನ್ನು ಹಿಂದೆಗೆಯುವುದೂ ಒಂದು ದಾಸೋಹವೇ.

ದೇಹವು ಶಿಕ್ಷಿಸಬೇಕಾದ ಶತ್ರುವಲ್ಲ. ಇಷ್ಟಲಿಂಗವನ್ನು ಧರಿಸಿದ ಅಂಗ. ಅದನ್ನು ಹೀಗಳೆಯದೆ, ಮಿತದಿಂದಲೂ ದುಡಿಮೆಯಿಂದಲೂ ಪ್ರಸನ್ನಚಿತ್ತದಿಂದಲೂ ನಡೆಸಿಕೊಂಡವನ ಭಾರವು ಮೆಲ್ಲಮೆಲ್ಲನೆ ಇಳಿದೀತು. ಇಳಿಯುವುದು ತಡವಾದರೂ ಆತನ ಬಾಳು ಹಗುರಾಗುವುದು ತಡವಾಗದು.