ಪ್ಯಾರಿಸ್‌ನಲ್ಲಿ ವಾಪಸ್ ಬಂದ 240 ಯೂರೋ, ಬೆಂಗಳೂರಿನಲ್ಲಿ ಕಟ್ಟಿದ 50,050 ರೂಪಾಯಿ

ಹೋದ ಎಪಿಸೋಡ್ ಆದ್ಮೇಲೆ ಇನ್‌ಸ್ಟಾದಲ್ಲಿ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ನಾಲ್ಕೈದು ಸಲ ಇತ್ತು. "ಬ್ರೋ, ಯುರೋಪ್‌ಗೆ ಹೋಗ್ತಿದೀನಿ. ಅಲ್ಲಿ ಬ್ಯಾಗು, ವಾಚು ತಗೊಂಡ್ರೆ ಟ್ಯಾಕ್ಸ್ ವಾಪಸ್ ಕೊಡ್ತಾರಂತೆ, ನಿಜಾನಾ?" ನಿಜ, ಕೊಡ್ತಾರೆ. ನನಗೂ ಕೊಟ್ರು. ಆದರೆ ಈ ಪ್ರಶ್ನೆಗೆ ಇನ್ನರ್ಧ ಭಾಗ ಇದೆ. ಅದನ್ನ ಯಾರೂ ಕೇಳಲ್ಲ, ಪ್ಯಾರಿಸ್‌ನಲ್ಲಿ ನಿಂತಿದ್ದಾಗ ನಾನೂ ಕೇಳಿರಲಿಲ್ಲ. ಅದರ ಬೆಲೆ 50,050 ರೂಪಾಯಿ ಆಯ್ತು, ಜೊತೆಗೆ ದೊಡ್ಡಮ್ಮನ ಮಗಳ ಹತ್ರ ಮೂರು ವಾರ ಮಾತಿಲ್ಲ.

ಕಥೆಯಿಂದಲೇ ಶುರು ಮಾಡ್ತೀನಿ. 2024ರ ಅಕ್ಟೋಬರ್. ನನ್ನ ಬಿಕಾಂ ಕ್ಲಾಸ್‌ಮೇಟ್ ಒಬ್ಬ ಪ್ಯಾರಿಸ್‌ನಲ್ಲಿ ಮಾಸ್ಟರ್ಸ್ ಓದ್ತಿದ್ದಾನೆ. ಇರೋಕೆ ಅವನ ರೂಮ್ ಇದೆ, ಟಿಕೆಟ್ ಒಂದು ಹೊಂದಿಸಿಕೊಂಡ್ರೆ ಆಯ್ತು ಅಂತ ಹೊರಟೆ. ಹೋಗ್ತೀನಿ ಅಂತ ಫ್ಯಾಮಿಲಿ ಗ್ರೂಪ್‌ನಲ್ಲಿ ಹಾಕಿದ್ದೇ ತಪ್ಪಾಯ್ತು. ತುಮಕೂರಿನಿಂದ ಅಕ್ಕನ ಫೋನ್. ದೊಡ್ಡಮ್ಮನ ಮಗಳು, ಆದ್ರೂ ನನಗೆ ಸ್ವಂತ ಅಕ್ಕನೇ. "ಲೋ, ಒಂದು ಬ್ಯಾಗ್ ತಂದ್ಕೊಡೋ. ಇಲ್ಲಿ ಅದಕ್ಕೆ 2,20,000. ಅಲ್ಲಿ 2,000 ಯೂರೋ, ಅದರ ಮೇಲೆ ಟ್ಯಾಕ್ಸ್ ಬೇರೆ ವಾಪಸ್ ಬರುತ್ತೆ. ರೀಲ್ಸ್‌ನಲ್ಲಿ ನೋಡ್ದೆ." ಹತ್ತು ನಿಮಿಷದಲ್ಲಿ 1,80,000 ರೂಪಾಯಿ ನನ್ನ ಅಕೌಂಟ್‌ಗೆ ಬಂತು. ಬ್ರ್ಯಾಂಡ್ ಯಾವುದು ಅಂತ ಹೇಳಲ್ಲ, ಅದು ಮುಖ್ಯಾನೂ ಅಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ಇಡೀ ಎಪಿಸೋಡ್‌ನಲ್ಲಿ ಯೂರೋಗೆ 90 ರೂಪಾಯಿ ಹಿಡೀತೀನಿ.

ಮೊದಲು ಆ ಕಡೆಯ ಲೆಕ್ಕ. ಫ್ರಾನ್ಸ್‌ನಲ್ಲಿ ನಮ್ಮ ಜಿಎಸ್‌ಟಿ ಥರದ್ದೇ ವ್ಯಾಟ್ ಇದೆ, ಬ್ಯಾಗು, ವಾಚಿಗೆಲ್ಲ 20 ಪರ್ಸೆಂಟ್. ಇದನ್ನ ಕೇಳಿದ ತಕ್ಷಣ "2,000ಕ್ಕೆ 400 ಯೂರೋ ವಾಪಸ್" ಅಂತ ಮನಸ್ಸು ಗುಣಿಸಿಬಿಡುತ್ತೆ. ಅಲ್ಲ. ಅಂಗಡಿಯ ಬೆಲೆಯೊಳಗೇ ಟ್ಯಾಕ್ಸ್ ಸೇರಿರುತ್ತೆ. 100 ಯೂರೋ ವಸ್ತುವಿಗೆ 20 ಸೇರಿ 120 ಆಗಿರೋದು, ಹಾಗಾಗಿ ಬೋರ್ಡ್ ಮೇಲಿನ ಬೆಲೆಯಲ್ಲಿ ಟ್ಯಾಕ್ಸ್ ಆರರಲ್ಲಿ ಒಂದು ಪಾಲು. 2,000ದಲ್ಲಿ ಸುಮಾರು 333 ಯೂರೋ. ಇದೂ ಪೂರ್ತಿ ಕೈಗೆ ಬರಲ್ಲ. ಅಂಗಡಿಗೂ ನಮಗೂ ಮಧ್ಯೆ ಒಂದು ರೀಫಂಡ್ ಕಂಪನಿ ಇರುತ್ತೆ, ಅದರ ಕಮಿಷನ್ ಕಳೆದು ನನಗೆ ಸಿಕ್ಕಿದ್ದು ಬೆಲೆಯ 12 ಪರ್ಸೆಂಟ್, ಅಂದ್ರೆ 240 ಯೂರೋ. ಫ್ರೆಂಚ್ ಸರ್ಕಾರ ಬಿಟ್ಟುಕೊಟ್ಟಿದ್ದು 30,000 ರೂಪಾಯಿ, ನನಗೆ ಬಂದಿದ್ದು 21,600. ಮಿಕ್ಕ 8,400 ಮಧ್ಯದವರದ್ದು. ಬಿಕಾಂ ಓದಿದವನಿಗೆ ಅಂಗಡಿಯಲ್ಲೇ ಇದು ಹೊಳೀಬೇಕಿತ್ತು. ಹೊಳೀಲಿಲ್ಲ, ಗಾಜಿನ ಬಾಗಿಲು, ಬಿಳಿ ಗ್ಲೌಸ್ ನೋಡ್ಕೊಂಡು ನಿಂತಿದ್ದೆ.

ಯಾರಿಗೆ ಸಿಗುತ್ತೆ? ಯುರೋಪಿಯನ್ ಯೂನಿಯನ್ ಹೊರಗೆ ವಾಸ ಇರೋರಿಗೆ, 16 ವರ್ಷ ದಾಟಿದವರಿಗೆ, ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಜಾಸ್ತಿ ಖರೀದಿಗೆ. ಪಾಸ್‌ಪೋರ್ಟ್ ಬಣ್ಣ ಮುಖ್ಯ ಅಲ್ಲ, ವಾಸ ಎಲ್ಲಿ ಅನ್ನೋದು ಮುಖ್ಯ. ನನ್ನ ಫ್ರೆಂಡ್ ಕೈಯಲ್ಲೂ ಇಂಡಿಯನ್ ಪಾಸ್‌ಪೋರ್ಟೇ ಇದೆ. ಆದರೆ ಅವನು ಅಲ್ಲೇ ಓದ್ಕೊಂಡು ವಾಸ ಇರೋನು, ಅವನಿಗೆ ಸಿಗಲ್ಲ. "ನನ್ನ ಫ್ರೆಂಡ್ ಅಲ್ಲಿದಾನೆ, ಅವನ ಹೆಸರಲ್ಲಿ ತಗೊಂಡು ರೀಫಂಡ್ ಮಾಡಿಸ್ತೀನಿ" ಅನ್ನೋ ಪ್ಲಾನ್ ಇದ್ರೆ ಬಿಟ್ಬಿಡಿ.

ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದ್ರೆ ಒಂದು ಫಾರ್ಮ್ ಕೊಡ್ತಾರೆ. ಅಲ್ಲಿ ಇದಕ್ಕೆ ಡೆಟಾಕ್ಸ್ ಅಂತಾರೆ. (ಜ್ಯೂಸ್ ಕುಡಿಯೋ ಡಿಟಾಕ್ಸ್ ಅಲ್ಲ.) ಫಾರ್ಮ್‌ನಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ವಸ್ತು, ಬೆಲೆ, ತಾರೀಖು, ಕೆಳಗೆ ನಿಮ್ಮ ಸಹಿ. ಏರ್‌ಪೋರ್ಟ್‌ನಲ್ಲಿ ಪಾಬ್ಲೋ ಅನ್ನೋ ಮೆಷಿನ್ ಇದೆ, ಫಾರ್ಮ್‌ನ ಬಾರ್‌ಕೋಡ್ ತೋರಿಸಿದ್ರೆ ಹಸಿರು ಬರುತ್ತೆ, ಕೆಲಸ ಮುಗೀತು. ಕೆಂಪು ಬಂದ್ರೆ ಅಲ್ಲಿನ ಕಸ್ಟಮ್ಸ್ ಕೌಂಟರ್‌ಗೆ ಹೋಗಿ ವಸ್ತು ತೋರಿಸಬೇಕು. ಅದಕ್ಕೇ ಬ್ಯಾಗೇಜ್ ಚೆಕ್-ಇನ್‌ಗೆ ಹಾಕೋ ಮುಂಚೆ ಈ ಕೆಲಸ ಮುಗಿಸ್ಕೊಳ್ಳಿ. ನಾನು ಷಾರ್ಲ್ ದ ಗಾಲ್ ಏರ್‌ಪೋರ್ಟ್‌ಗೆ ನಾಲ್ಕು ಗಂಟೆ ಮುಂಚೆ ಹೋಗಿದ್ದೆ, ಕ್ಯೂ ನೋಡಿದ್ಮೇಲೆ ಒಳ್ಳೇದೇ ಆಯ್ತು ಅನ್ನಿಸ್ತು. ದುಡ್ಡು ಕಾರ್ಡ್‌ಗೆ ಬರೋಕೆ ಏಳು ವಾರ ಹಿಡೀತು. ಕೆಲವು ಅಂಗಡಿಗಳು ಮುಂಗಡವಾಗಿಯೇ ರೀಫಂಡ್ ಕೊಟ್ಟು ನಿಮ್ಮ ಕಾರ್ಡ್‌ನ ಗ್ಯಾರಂಟಿಗೆ ಇಟ್ಕೊಳ್ತಾರೆ. ಆಮೇಲೆ ನೀವು ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡದೆ ಬಂದ್ರೋ, ಕೊಟ್ಟಿದ್ದನ್ನ ಅದೇ ಕಾರ್ಡ್‌ನಿಂದ ವಾಪಸ್ ಎಳ್ಕೋತಾರೆ.

ಇನ್ನೊಂದು ಮಾತು, ಬೇಗ ಹೇಳಿ ಮುಂದಕ್ಕೆ ಹೋಗ್ತೀನಿ. ಕಾರ್ಡ್ ಮೆಷಿನ್ "ರೂಪಾಯಿನಾ, ಯೂರೋನಾ" ಅಂತ ಕೇಳಿದ್ರೆ ಯೂರೋ ಒತ್ತಿ. ರೂಪಾಯಿ ಒತ್ತಿದ್ರೆ ಅವರು ಹೇಳಿದ್ದೇ ರೇಟ್. ಯೂರೋ ಒತ್ತಿದ್ರೂ ನನ್ನ ಕಾರ್ಡ್‌ಗೆ 3.5 ಪರ್ಸೆಂಟ್ ಫಾರೆಕ್ಸ್ ಮಾರ್ಕಪ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬಿತ್ತು. ಒಟ್ಟು 7,434 ರೂಪಾಯಿ. ಇದು ಅಕ್ಕನ ರೀಲ್ಸ್‌ನಲ್ಲಿ ಇರಲಿಲ್ಲ.

ಲಂಡನ್‌ಗೆ ಹೋಗೋರು ಇದ್ರೆ ಕೇಳಿ, 2021ರ ಜನವರಿ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪ್ರವಾಸಿಗಳಿಗೆ ಈ ವ್ಯಾಟ್ ರೀಫಂಡ್ ನಿಂತುಹೋಗಿದೆ. ದುಬೈನಲ್ಲಿ ವ್ಯಾಟೇ 5 ಪರ್ಸೆಂಟ್. ಸಿಂಗಾಪುರದಲ್ಲಿ ಜಿಎಸ್‌ಟಿ 2024ರಿಂದ 9 ಪರ್ಸೆಂಟ್. ಟ್ಯಾಕ್ಸ್ ಕಮ್ಮಿ ಇರೋ ಕಡೆ ವಾಪಸ್ ಬರೋದೂ ಕಮ್ಮಿ, ಅಷ್ಟೇ.

ಈಗ ಈ ಎಪಿಸೋಡ್ ಮಾಡೋಕೆ ಕಾರಣವಾದ ವಿಷಯ. ಅವರು ಆ ಟ್ಯಾಕ್ಸ್ ಯಾಕೆ ವಾಪಸ್ ಕೊಡ್ತಾರೆ? ಟೂರಿಸ್ಟ್ ಮೇಲಿನ ಪ್ರೀತಿಗಲ್ಲ, ಅದು ಡಿಸ್ಕೌಂಟೂ ಅಲ್ಲ. ವ್ಯಾಟ್ ಅನ್ನೋದು ಆ ದೇಶದಲ್ಲಿ ಬಳಸೋ ವಸ್ತು ಮೇಲಿನ ತೆರಿಗೆ. "ಈ ವಸ್ತು ನಮ್ಮ ದೇಶದಲ್ಲಿ ಬಳಕೆಯಾಗಲ್ಲ, ಹೊಸದಾಗೇ ಹೊರಗೆ ಹೋಗ್ತಿದೆ" ಅಂತ ನೀವು ಸಹಿ ಹಾಕಿದ್ದಕ್ಕೆ ಕೊಟ್ಟ ದುಡ್ಡು ಅದು. ಅಂಗಡಿ ಲೆಕ್ಕದಲ್ಲಿ ಇದು ಎಕ್ಸ್‌ಪೋರ್ಟ್. ಒಂದು ದೇಶದಿಂದ ಎಕ್ಸ್‌ಪೋರ್ಟ್ ಆದದ್ದು ಇನ್ನೊಂದು ದೇಶಕ್ಕೆ ಇಂಪೋರ್ಟ್ ಆಗಲೇಬೇಕು ಅಲ್ವಾ? ಆ ಇಂಪೋರ್ಟ್ ಮಾಡೋನು ನಾನು, ತಳ್ಳುಗಾಡಿ ತಳ್ಕೊಂಡು ಬರ್ತಿರೋನು.

ನಾನು 2024ರಲ್ಲಿ ಬಂದಾಗ ನಡೀತಿದ್ದದ್ದು 2016ರ ಬ್ಯಾಗೇಜ್ ರೂಲ್ಸ್. ಆಮೇಲೆ ಅದು ಬದಲಾಗಿದೆ, ಹೊರಡೋ ಮುಂಚೆ ಕಸ್ಟಮ್ಸ್ ವೆಬ್‌ಸೈಟ್ ನೋಡ್ಕೊಳ್ಳಿ. ಆಗಿನ ರೂಲ್ ಪ್ರಕಾರ ಫ್ರಾನ್ಸ್‌ನಂಥ ದೇಶದಿಂದ ಬರೋ ಭಾರತೀಯರು ತಾವು ಬಳಸ್ತಿರೋ ಬಟ್ಟೆಬರೆಗಳನ್ನ ಬಿಟ್ಟು 50,000 ರೂಪಾಯಿವರೆಗಿನ ವಸ್ತುಗಳನ್ನ ಸುಂಕ ಇಲ್ಲದೆ ತರಬಹುದಿತ್ತು. ಅದರ ಮೇಲಿನದ್ದಕ್ಕೆ 35 ಪರ್ಸೆಂಟ್ ಡ್ಯೂಟಿ, ಆ ಡ್ಯೂಟಿ ಮೇಲೆ 10 ಪರ್ಸೆಂಟ್ ಸರ್ಚಾರ್ಜ್. ಕೂಡಿದ್ರೆ 38.5 ಪರ್ಸೆಂಟ್. ಬ್ಯಾಗ್ 1,80,000. ಅದರಲ್ಲಿ 50,000 ಬಿಟ್ರೆ 1,30,000. ಡ್ಯೂಟಿ 50,050.

ನನಗೆ ಇದು ಗೊತ್ತಾಗಿದ್ದು ಎಲ್ಲಿ ಅಂದ್ರೆ, ವಿಮಾನದಲ್ಲಿ. ಪಕ್ಕದ ಸೀಟ್‌ನಲ್ಲಿ ಒಬ್ಬರು ಹಾಸನದ ಆಂಟಿ, ಮಗಳ ಬಾಣಂತನ ಮುಗಿಸ್ಕೊಂಡು ಬರ್ತಿದ್ರು. ಅವರೇ ಕೇಳಿದ್ದು, "ಅದನ್ನ ಡಿಕ್ಲೇರ್ ಮಾಡ್ತೀಯೇನಪ್ಪಾ?" ಅಂತ. ನಾನು "ಏನನ್ನ ಆಂಟಿ?" ಅಂದೆ.

ಇಳಿದ್ಮೇಲೆ ಬೆಲ್ಟ್ ಹತ್ರ ನಿಂತು ಫ್ರೆಂಡ್‌ಗೆ ವಾಟ್ಸಾಪ್ ಕಾಲ್ ಮಾಡಿದೆ. ಅವನ ಐಡಿಯಾಗಳು ಸಾಲಾಗಿ ಬಂದ್ವು. ಮೊದಲನೇದು, ಟ್ಯಾಗ್ ಕಿತ್ತು ಹಾಕು, ಬ್ಯಾಗ್ ಹೆಗಲಿಗೆ ಹಾಕ್ಕೊಂಡು "ಬಳಸಿದ್ದು" ಅನ್ನು. ಎರಡನೇದು, ನಿನ್ನ ಜೊತೆ ಬಂದೋರು ಯಾರಾದ್ರೂ ಇದ್ರೆ ಇಬ್ಬರ 50,000 ಸೇರಿಸಿ 1,00,000 ಅನ್ನು. ಮೂರನೇದು, ಬಾಯ್ಮುಚ್ಕೊಂಡು ಹಸಿರು ಚಾನೆಲ್‌ನಲ್ಲಿ ಹೋಗು.

ಎರಡನೇದು ನಡಿಯೋ ಹಾಗೇ ಇರಲಿಲ್ಲ, ಒಬ್ಬರ ವಿನಾಯಿತಿನ ಇನ್ನೊಬ್ಬರದ್ದಕ್ಕೆ ಕೂಡಿಸೋ ಹಾಗಿಲ್ಲ ಅಂತ ಆ ರೂಲ್‌ನಲ್ಲೇ ಇತ್ತು. ಗಂಡ ಹೆಂಡತಿ ಆದ್ರೂ ಅಷ್ಟೇ. ಮೊದಲನೇದು ನೋಡಿ ಎಷ್ಟು ತಮಾಷೆಯಾಗಿದೆ. ನಿನ್ನೆ ಪ್ಯಾರಿಸ್‌ನಲ್ಲಿ "ಹೊಸದು, ಬಳಸಿಲ್ಲ" ಅಂತ ಹೇಳಿ 240 ಯೂರೋಗೆ ಕೈ ಚಾಚಿದ್ದೀನಿ. ಇವತ್ತು ಬೆಂಗಳೂರಿನಲ್ಲಿ ಅದೇ ಬ್ಯಾಗ್ "ಹಳೇದು, ಬಳಸಿದ್ದು" ಆಗ್ಬೇಕು. ಎರಡು ಸರ್ಕಾರದ ಮುಂದೆ, ಒಂದೇ ದಿನದ ಅಂತರದಲ್ಲಿ, ಒಂದೇ ವಸ್ತುವಿನ ಬಗ್ಗೆ ಎರಡು ಮಾತು. ಅದೂ ಮೊದಲನೇ ಮಾತಿಗೆ ತಾರೀಖು, ಪಾಸ್‌ಪೋರ್ಟ್ ನಂಬರ್ ಸಮೇತ ನನ್ನ ಸಹಿ ಇರೋ ಫಾರ್ಮ್ ನನ್ನ ಬ್ಯಾಕ್‌ಪ್ಯಾಕ್‌ನಲ್ಲೇ ಇದೆ.

ಮೂರನೇದು? ಸುಳ್ಳು ಹೇಳಲ್ಲ, ತುಂಬಾ ಹೊತ್ತು ಯೋಚ್ನೆ ಮಾಡ್ದೆ. ಹಸಿರಲ್ಲಿ ನಡೆದು ಹೋದ್ರೆ ಉಳಿಯೋದು 54,166. ಕೆಂಪಲ್ಲಿ ಹೋದ್ರೆ ಉಳಿಯೋದು 4,116. ಎಲ್ಲಾ ಕೂಡಿ ಕಳೆದು, ಇಲ್ಲಿನ ಶೋರೂಂ ಬೆಲೆಗೂ ಪ್ಯಾರಿಸ್ ಬೆಲೆಗೂ ಇರೋ ನಿಜವಾದ ವ್ಯತ್ಯಾಸ ಅಷ್ಟೇ, ನಾಲ್ಕು ಸಾವಿರ ಚಿಲ್ಲರೆ! ಆದರೆ ಹಸಿರಲ್ಲಿ ಸಿಕ್ಕಿಬಿದ್ರೆ ವಸ್ತು ಜಪ್ತಿ ಮಾಡಬಹುದು, ಬಿಡಿಸ್ಕೊಳ್ಳೋಕೆ ಒಂದು ದಂಡ, ಸುಳ್ಳು ಹೇಳಿದ್ದಕ್ಕೆ ಇನ್ನೊಂದು ದಂಡ, ಡ್ಯೂಟಿ ಹೇಗೂ ಇದ್ದೇ ಇದೆ. ಹಸಿರು ಚಾನೆಲ್ ಅಂದ್ರೆ "ಯಾರೂ ಚೆಕ್ ಮಾಡದ ದಾರಿ" ಅಂತಲ್ಲ. "ನನ್ನ ಹತ್ರ ಸುಂಕ ಕಟ್ಟೋದು ಏನೂ ಇಲ್ಲ" ಅಂತ ಕಾಲಲ್ಲಿ ನಡೆದು ಹೇಳೋ ಹೇಳಿಕೆ ಅದು. ಬೆಂಗಳೂರು ಏರ್‌ಪೋರ್ಟ್, ಕಸ್ಟಮ್ಸ್ ಅಂದ ತಕ್ಷಣ ನಿಮಗೆ 2025ರ ಯಾವ ಚಿನ್ನದ ಸುದ್ದಿ ನೆನಪಾಗುತ್ತೆ ಅಂತ ಗೊತ್ತು. ಅದು ಬೇರೆ ಮಟ್ಟದ ಕೇಸು, ಅದರ ಬಗ್ಗೆ ಇಲ್ಲಿ ಮಾತಾಡಲ್ಲ. ಇಲ್ಲಿ ವಿಷಯ ಇಷ್ಟೇ: ಬ್ಯಾಗ್ ಅಕ್ಕನದು, ಆದ್ರೆ ಸಿಕ್ಕಿಬೀಳೋ ಹೆಸರು ನನ್ನದು.

ಕೆಂಪಿಗೆ ಹೋದೆ. ಭಯ ಇತ್ತು. ಏನೂ ಆಗಲಿಲ್ಲ, ಪೋಸ್ಟ್ ಆಫೀಸ್ ಕೆಲಸದ ಥರ ಇತ್ತು. ಬಿಲ್ ಕೇಳಿದ್ರು, ಕೊಟ್ಟೆ. ಬಿಲ್ ಬೆಲೆ ಹಿಡಿದು ಲೆಕ್ಕ ಹಾಕಿದ್ರು, ಕಾರ್ಡ್ ಉಜ್ಜಿದೆ, ರಶೀದಿ ಕೊಟ್ರು. "ವಾಪಸ್ ಬಂದ ಟ್ಯಾಕ್ಸ್ ಬೆಲೆಯಲ್ಲಿ ಕಳೀಬಹುದಾ ಸರ್?" ಅಂತ ಕೇಳಿ ನೋಡ್ದೆ. ಆಫೀಸರ್ ನಕ್ಕು, "ದುಡ್ಡು ಬಂದಿದ್ಯಾ?" ಅಂದ್ರು. ಬಂದಿರಲಿಲ್ಲ.

ಆ ರಶೀದಿ ಬಿಸಾಕ್ಬೇಡಿ. ನಾಳೆ ಅದೇ ಬ್ಯಾಗ್ ಹಾಕ್ಕೊಂಡು ದುಬೈಗೆ ಹೋಗಿ ಬಂದ್ರೆ, ಡ್ಯೂಟಿ ಕಟ್ಟಿದ ಸಾಕ್ಷಿ ಅದೇ. ನಿಮ್ಮ ಸ್ವಂತ ದುಬಾರಿ ವಾಚು, ಕ್ಯಾಮೆರಾ ಇಲ್ಲಿಂದ ತಗೊಂಡು ಹೋಗೋದಾದ್ರೆ, ಹೋಗುವಾಗಲೇ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ. ಬರುವಾಗ "ಇದು ಅಲ್ಲಿ ತಗೊಂಡಿದ್ದಲ್ಲ" ಅಂತ ವಾದ ಮಾಡೋದು ತಪ್ಪುತ್ತೆ. ಇನ್ನು ಹತ್ತು ಜನಕ್ಕೆ ತಂದುಕೊಟ್ಟು ಕಮಿಷನ್ ತಗೊಳ್ಳೋ ಪ್ಲಾನ್ ಇರೋರಿಗೆ: ಅದು ವ್ಯಾಪಾರ. ಅಲ್ಲಿನ ರೀಫಂಡೂ ಅದಕ್ಕಲ್ಲ, ಇಲ್ಲಿನ ವಿನಾಯಿತಿಯೂ ಅದಕ್ಕಲ್ಲ.

ಇನ್ನು ಅಕ್ಕ. ಬ್ಯಾಗ್ ಕೊಟ್ಟೆ, ರಶೀದಿನೂ ಕೊಟ್ಟೆ. "ನಿನಗ್ಯಾರೋ ಕಟ್ಟು ಅಂದಿದ್ದು? ಎಲ್ಲರೂ ಸುಮ್ನೆ ಬರ್ತಾರೆ" ಅಂದ್ಲು. ದೊಡ್ಡಮ್ಮ ಮಧ್ಯೆ ಬಂದು, "ಅವನು ಒಳಗೆ ಕೂತಿದ್ರೆ ನೀನು ಬಿಡಿಸ್ಕೊಂಡು ಬರ್ತಿದ್ಯಾ?" ಅಂದ್ರು. ಅಕ್ಕ ಮಾತು ಬಿಟ್ಲು. ನನ್ನ ತಪ್ಪೂ ಇತ್ತು, ಅದನ್ನೂ ಹೇಳ್ಬೇಕು. ದುಡ್ಡು ತಗೊಳ್ಳೋ ದಿನವೇ "ಡ್ಯೂಟಿ ಬಿದ್ರೆ ಯಾರದು?" ಅಂತ ಕೇಳ್ಬೇಕಿತ್ತು. ಕೇಳಿದ್ರೆ ಅವಳು ಬಹುಶಃ ತರಿಸ್ತಾನೇ ಇರಲಿಲ್ಲ. 4,000 ಉಳಿಸೋಕೆ ಯಾರು ಅಷ್ಟು ದೂರದಿಂದ ಬ್ಯಾಗ್ ಹೊರಿಸ್ತಾರೆ? ಇಲ್ಲೇ ತಗೊಂಡಿದ್ರೆ ವಾರಂಟಿ, ಎಕ್ಸ್‌ಚೇಂಜ್ ಎಲ್ಲಾ ಊರಲ್ಲೇ ಆಗ್ತಿತ್ತು.

ಮೂರು ವಾರ ಆದ್ಮೇಲೆ ಒಂದು ಭಾನುವಾರ ಅವಳೇ ಫೋನ್ ಮಾಡಿದ್ಲು. "ನಿನ್ನ ಕಾರ್ಡ್‌ಗೆ ಬರೋ 21,600 ನೀನೇ ಇಟ್ಕೋ, ಮಿಕ್ಕಿದ್ದು ಕಳಿಸ್ತೀನಿ" ಅಂದ್ಲು. 28,450 ಜಿಪೇ ಬಂತು. ಫಾರೆಕ್ಸ್‌ನ 7,434ರ ವಿಷಯ ನಾನು ಎತ್ತಲಿಲ್ಲ. ಅವಳು ಈ ಪಾಡ್‌ಕಾಸ್ಟ್ ಕೇಳ್ತಾಳೆ, ಈಗ ಗೊತ್ತಾಗುತ್ತೆ.

ಮೊನ್ನೆ ಮತ್ತೆ ಮೆಸೇಜ್ ಹಾಕಿದಾಳೆ, ಸಿಂಗಾಪುರಕ್ಕೆ ಹೋಗೋರು ಯಾರಾದ್ರೂ ಇದಾರಾ ಅಂತ. ವಿದೇಶಕ್ಕೆ ದುಡ್ಡು ಕಳಿಸುವಾಗ ಬೀಳೋ ಟಿಸಿಎಸ್ ಬಗ್ಗೆ ಮುಂದಿನ ಎಪಿಸೋಡ್‌ನಲ್ಲಿ ಮಾತಾಡ್ತೀನಿ, ಪ್ರಶ್ನೆ ಇದ್ರೆ ಗುರುವಾರದೊಳಗೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.