ಬಾಯೊಳಗಣ ಬೆಂಕಿ

ಸ್ತ್ರೀಯರ ಧೂಮಪಾನವೆಂದೊಡನೆ ನಗರವಾಸಿಗಳಾದ ನಮಗೆ ನೆನಪಾಗುವುದು ಚಲಚ್ಚಿತ್ರದ ನಟಿ, ಅವಳ ಬೆರಳ ನಡುವಣ ಸಿಗರೇಟು. ಪಶ್ಚಿಮದಿಂದ ಬಂದ ಚಾಳಿಯೆಂದು ಮೂಗು ಮುರಿದು ಸುಮ್ಮನಾಗುವೆವು. ಆದರೆ ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣ ಸೀಮೆಗಳ ಕಡಲತೀರದ ಹಳ್ಳಿಗಳಲ್ಲಿ ಹೆಂಗಸರು ತಲೆಮಾರುಗಳಿಂದ ಚುಟ್ಟ ಸೇದುತ್ತ ಬಂದಿರುವರು. ಅದೂ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು!

ಕೇಳಿದವರಿಗೆ ಇದು ನಂಬಲಾಗದ ಮಾತು. ತುಟಿಗಳನ್ನು ಒದ್ದೆಮಾಡಿ ಬಿಗಿಹಿಡಿಯುವುದರಿಂದ ಚುಟ್ಟ ಮೆಲ್ಲಗೆ ಉರಿದು ಬಹಳ ಹೊತ್ತು ಬರುವುದು. ಗಾಳಿಗೂ ನೀರಿನ ತುಂತುರಿಗೂ ಆರದು. ಕೈಗಳೆರಡೂ ಕೆಲಸಕ್ಕೆ ಬಿಡುವಾಗಿರುವುವು. ಬಡತನದಲ್ಲಿ ದುಡಿಯುವವಳಿಗೆ ಇವು ಸಣ್ಣ ಅನುಕೂಲಗಳಲ್ಲ. ತಾಯಿಯನ್ನು ನೋಡಿ ಮಗಳು ಕಲಿತಳು.

ಹೊಗೆಯೊಂದೇ ಅಲ್ಲದೆ ಬೆಂಕಿಯ ಶಾಖವೂ ನೇರವಾಗಿ ಅಂಗುಳಿಗೆ ತಾಗುವುದು. ಮೊದಲು ಅಂಗುಳು ಬೆಳ್ಳಗೆ ದಪ್ಪವಾಗಿ, ನಡುನಡುವೆ ಕೆಂಪು ಚುಕ್ಕೆಗಳೇಳುವುವು. ಸಾಮಾನ್ಯವಾಗಿ ಆಗ ನೋವಿರುವುದಿಲ್ಲ. ಆದುದರಿಂದ ವೈದ್ಯರಿಗೆ ತೋರಿಸಬೇಕೆಂದು ತೋರುವುದೂ ಇಲ್ಲ. ಬೇರೆಡೆಗಳಲ್ಲಿ ಅಪರೂಪವಾದ ಅಂಗುಳಿನ ಗಟ್ಟಿಭಾಗದ ಕ್ಯಾನ್ಸರು ಈ ಹೆಂಗಸರಲ್ಲಿ ಅಪರೂಪವಲ್ಲ. 1971ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ವೈದ್ಯರು ಆಂಧ್ರದ 10,169 ಮಂದಿ ಗ್ರಾಮಸ್ಥರ ಬಾಯನ್ನು ಪರೀಕ್ಷಿಸಿ, ಅಂಗುಳಿನ ಈ ವಿಕಾರಗಳನ್ನು ವಿವರಿಸಿದರು.

ಇದನ್ನು ಕಾಣಲು ದೊಡ್ಡ ಯಂತ್ರವೇನೂ ಬೇಡ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಕೈದೀಪ ಹಿಡಿದರೆ ಅಂಗುಳು ಚೆನ್ನಾಗಿ ಕಾಣುವುದು. ಆದರೆ ಹಿರಿಯಳೊಬ್ಬಳನ್ನು, “ಅಮ್ಮಾ, ತಾವು ಚುಟ್ಟ ಸೇದುವಿರಾ?” ಎಂದು ಕೇಳಲು ನಮ್ಮಲ್ಲಿ ಎಷ್ಟೋ ಮಂದಿಗೆ ನಾಲಗೆಯೇಳದು.