ಅರಳುಮರಳು ಎಂದು ಸುಮ್ಮನಿರಬೇಡಿ



'ಅರವತ್ತಕ್ಕೆ ಅರಳುಮರಳು' ಎಂಬ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಈ ಮಾತಿನ ಮರೆಯಲ್ಲಿ ಒಂದು ಕಾಯಿಲೆ ನಮ್ಮ ಮನೆಗಳಲ್ಲಿ ಅಡಗಿ ಕೂತಿದೆ. ಅದೇ ಡಿಮೆನ್ಷಿಯಾ, ಅಂದರೆ ಮರೆಗುಳಿತನ. ಅದರಲ್ಲಿ ಹೆಚ್ಚಾಗಿ ಕಾಣುವ ಬಗೆ ಅಲ್ಝೈಮರ್ಸ್. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಇದನ್ನು 1906ರಲ್ಲಿ ಮೊದಲು ವಿವರಿಸಿದರು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರಕ್ಕಿದ್ದುದೂ ಇದೇ ಕಾಯಿಲೆ.

ಕನ್ನಡಕ ಇಟ್ಟ ಜಾಗ ಮರೆಯುವುದು ವಯಸ್ಸಿನ ಸಹಜ ಮರೆವು. ಉಂಡು ಹತ್ತು ನಿಮಿಷದೊಳಗೆ 'ನನಗೆ ಊಟವೇ ಕೊಟ್ಟಿಲ್ಲ' ಎನ್ನುವುದು, ದಿನವೂ ಓಡಾಡಿದ ಪೇಟೆಯಲ್ಲೇ ದಾರಿ ತಪ್ಪುವುದು, ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂದು ಪದೇ ಪದೇ ಗೊಂದಲವಾಗುವುದು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇದೆ. ಪರೀಕ್ಷೆ ಮಾಡಿಸದಿದ್ದರೆ ವಾಸಿಯಾಗಬಹುದಾದ ಮರೆವೂ ಹಾಗೇ ಉಳಿದುಬಿಡುತ್ತದೆ.

ಡಿಮೆನ್ಷಿಯಾ ಎಂದೇ ವೈದ್ಯರು ಹೇಳಿದರೆ? ಅಲ್ಝೈಮರ್ಸ್ ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೂ ಕಾಯಿಲೆಯ ಹೆಸರು ತಿಳಿದರೆ ಮನೆಯವರ ಕಣ್ಣು ತೆರೆಯುತ್ತದೆ. ಅಜ್ಜನ ಹಟ, ಅನುಮಾನ, ಸಿಟ್ಟು ಬೇಕೆಂದೇ ಮಾಡಿದ್ದಲ್ಲ, ಕಾಯಿಲೆ ಮಾಡಿಸಿದ್ದು ಎಂದು ಅರ್ಥವಾಗುತ್ತದೆ.

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಅಂಥ ಊರಿನ ಹಿರಿಯರೊಬ್ಬರು ಸಂಜೆಯಾಗುತ್ತಲೇ 'ಮನೆಗೆ ಹೋಗೋಣ' ಎಂದು ಎದ್ದು ನಿಂತರೆ, 'ಆ ಮನೆ ಮುಳುಗಿಹೋಯ್ತಲ್ಲ' ಎಂದು ವಾದಿಸಬೇಡಿ. ಪ್ರತಿ ಸಲವೂ ಅವರಿಗೆ ಅದು ಹೊಸ ಸಾವಿನ ಸುದ್ದಿಯಂತೆ. 'ಅಂಗಳದಲ್ಲಿ ಏನೇನು ಮರವಿತ್ತು?' ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮಳೆಗಾಲದಲ್ಲಿ ಹೊರಗೆ ಹೋಗಿ ದಾರಿ ತಪ್ಪಿದರೆ ಜೀವಕ್ಕೇ ಅಪಾಯ. ಆದ್ದರಿಂದ ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇರಲಿ. ಅಕ್ಕಪಕ್ಕದವರಿಗೂ ವಿಷಯ ತಿಳಿಸಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಈ ಆರೈಕೆಯ ಭಾರವೆಲ್ಲ ಸಾಮಾನ್ಯವಾಗಿ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲ ಮೇಲೆ ಬೀಳುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಬಿಡುವಿಲ್ಲ, ಮೇಲೆ 'ಸರಿಯಾಗಿ ನೋಡಿಕೊಳ್ಳುತ್ತಿಲ್ಲ' ಎಂಬ ಮಾತು ಬೇರೆ. ಇದು ಅನ್ಯಾಯ. ಗಂಡುಮಕ್ಕಳು ಸರದಿ ಹಂಚಿಕೊಳ್ಳಬೇಕು. ದೂರದ ಊರುಗಳಲ್ಲಿ ದುಡಿಯುವವರು ಹಣ ಕಳಿಸಿದರಷ್ಟೇ ಸಾಲದು. ರಜೆಗೆ ಬಂದಾಗ ಆಕೆಗೆ ನಾಲ್ಕು ದಿನ ಬಿಡುವು ಕೊಡಬೇಕು.

ವಿದ್ಯಾರ್ಥಿಗಳೇ, ನಿಮ್ಮಿಂದಲೂ ಆಗುವ ಕೆಲಸವಿದೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ, ಅಗತ್ಯವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಲು ಮನೆಯವರಿಗೆ ನೆರವಾಗಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಆರೈಕೆ ಮಾಡುವವರೂ ತಮ್ಮ ಸಂಕಟ ಹೇಳಿಕೊಳ್ಳಬಹುದು. ದಿನಕ್ಕೆ ಅರ್ಧ ಗಂಟೆ ದಾದಾ, ದಾದಿಯ ಬಳಿ ಕುಳಿತು ಅವರ ಹಳೆಯ ಕಥೆ ಕೇಳಿರಿ. ಅದನ್ನೇ ನಿನ್ನೆಯೂ ಹೇಳಿದ್ದರೆ ಇಂದು ಮತ್ತೊಮ್ಮೆ ಕೇಳಿರಿ. ಅಷ್ಟು ಹೊತ್ತಾದರೂ ನಿಮ್ಮ ತಾಯಿಗೆ ವಿಶ್ರಾಂತಿ ಸಿಗಲಿ.